ಗುಜರಿಯಿಂದ ಎದ್ದ ಬಾಂಬರ್

ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದಾಗ ಒಂದು ಭಾನುವಾರ ಬಿಡುವು ಸಿಕ್ಕಿತು, ಹೆಂಡನ್‌ಗೆ ಹೋದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅದು ವಾಯುಪಡೆಯ ನೆಲೆ. ಈಗ ವಿಮಾನ ಇಳೀತಿದ್ದ ಬಯಲಲ್ಲಿ ಸಾಲು ಸಾಲು ಮನೆಗಳು. ಒಂದು ಬದಿಯಲ್ಲಿ ಮಾತ್ರ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಉಳಿದಿದೆ.

ಅಲ್ಲಿ ಜನ ಮುತ್ತೋದು ಲ್ಯಾಂಕಾಸ್ಟರ್ ಬಾಂಬರನ್ನ. 137 ದಾಳಿಗಳಿಗೆ ಹೋಗಿ ವಾಪಸ್ ಬಂದ ವಿಮಾನ ಅದು. ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಲ್ಲೇ 55,000ಕ್ಕೂ ಹೆಚ್ಚು ಜನ ಸತ್ತರು. ಕೆಳಗೆ ಜರ್ಮನಿಯ ಊರುಗಳಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ‘ಚೆನ್ನಾಗಿದೆ’ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ನಾನು ನೋಡಬೇಕಿದ್ದದ್ದು ಇನ್ನೊಂದು: ನಾಲ್ಕು ಎಂಜಿನ್‌ನ ಅಮೆರಿಕನ್ ಬಾಂಬರ್, ಬಿ-24 ಲಿಬರೇಟರ್. ಅದು ಬ್ರಿಟನ್ನಿಗೆ ಬಂದದ್ದು 1974ರಲ್ಲಿ, ಭಾರತದಿಂದ!

ಯುದ್ಧ ಮುಗಿದ ಮೇಲೆ ಇಂಥ ಎಷ್ಟೋ ವಿಮಾನಗಳನ್ನ ಕಾನ್ಪುರದಲ್ಲಿ ಬಿಟ್ಟುಹೋದರು. ಯಾರೂ ಮತ್ತೆ ಹಾರಿಸಬಾರದು ಅಂತ ಬೇಕಂತಲೇ ಹಾಳು ಮಾಡಿದ್ದರು. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಗೆ ಭಾರಿ ಬಾಂಬರ್ ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ‘ನಾವು ಎಬ್ಬಿಸ್ತೀವಿ’ ಅಂತ ಮುಂದೆ ಬಂದರು. ಯುದ್ಧದ ಕಾಲದಲ್ಲಿ ಅಮೆರಿಕನ್ನರ ವಿಮಾನ ರಿಪೇರಿ ಮಾಡಿ ಪಳಗಿದ ಕೈಗಳವು. ಹಾರೋಕೆ ಎಷ್ಟು ಬೇಕೋ ಅಷ್ಟು ಮಾತ್ರ ಅಲ್ಲೇ ಸರಿಮಾಡಿ, ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಒಂದೊಂದನ್ನೇ ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರಾ ರಿಪೇರಿ. 1948ರ ನವೆಂಬರ್‌ನಲ್ಲಿ ಇವನ್ನೇ ನಂಬಿ 5ನೇ ಸ್ಕ್ವಾಡ್ರನ್ ಶುರುವಾಯಿತು. 1968ರ ಕೊನೆವರೆಗೂ ಲಿಬರೇಟರ್‌ಗಳು ನಮ್ಮಲ್ಲಿ ಹಾರಿದವು.

ನಮ್ಮೂರಲ್ಲಿ ಎರಡು ಕೆಟ್ಟ ಪಂಪ್‌ಸೆಟ್ ಬಿಚ್ಚಿ ಒಂದು ಓಡೋ ಪಂಪ್‌ಸೆಟ್ ಮಾಡೋರಿದ್ದರು. ಅದೇ ವಿದ್ಯೆ, ದೊಡ್ಡ ಅಳತೆಯಲ್ಲಿ.

ತಮಾಷೆ ನೋಡಿ: ಅಮೆರಿಕ 18,000ಕ್ಕೂ ಹೆಚ್ಚು ಲಿಬರೇಟರ್ ಕಟ್ಟಿ, ಯುದ್ಧ ಮುಗಿದದ್ದೇ ಹೆಚ್ಚಿನವನ್ನ ಗುಜರಿಗೆ ಹಾಕಿತು. ಇವತ್ತು ಉಳಿದಿರೋ ಕೆಲವೇ ಕೆಲವರಲ್ಲಿ ಹಲವು ನಮ್ಮ ವಾಯುಪಡೆಯಲ್ಲಿ ದುಡಿದಂಥವು. ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರೋದೂ ಅಂಥದ್ದೇ.

ಬೆಂಗಳೂರಿಗೆ ವಾಪಸ್ ಬಂದಮೇಲೆ ಹಳೇ ಏರ್‌ಪೋರ್ಟ್ ರೋಡಿನ ಟ್ರಾಫಿಕ್‌ನಲ್ಲಿ ನಿಂತಾಗೆಲ್ಲ ಕಾಂಪೌಂಡಿನ ಕಡೆ ನೋಡ್ತೀನಿ. ಮುನ್ಶಿಯವರ ಹೆಸರು ಉಳಿಯಿತು. ಆದರೆ ರಿವೆಟ್ ಹೊಡೆದ, ಎಂಜಿನ್ ತೊಳೆದ ಫಿಟ್ಟರ್‌ಗಳ ಹೆಸರು ನಾನು ಓದಿದ ಪುಸ್ತಕಗಳಲ್ಲಿ ಎಲ್ಲೂ ಸಿಗಲಿಲ್ಲ. ನಿಮ್ಮ ಮನೇಲಿ ಆಗ ಅಲ್ಲಿ ಕೆಲಸ ಮಾಡಿದ ಅಜ್ಜನ ಫೋಟೋನೋ, ಹಳೇ ಗುರುತಿನ ಚೀಟಿನೋ ಇದ್ದರೆ ಎಸೀಬೇಡಿ. ಹಿಂದೆ ಹೆಸರು, ಇಸವಿ ಬರೆದಿಡಿ.