ಸಭೆಯ ಸಮಯ ಯಾರದು?

ಕಳೆದ ವರ್ಷ ಕೊಚ್ಚಿಯಲ್ಲಿ ನಡೆದ ನಮ್ಮ ಕಾರ್ಯಕಾರಿ ಸಮಿತಿಯ ಒಂದು ಸಭೆ ಸಂಜೆ ನಾಲ್ಕಕ್ಕೆ ಶುರುವಾಗಿ ಏಳೂವರೆಯಾದರೂ ಮುಗಿಯಲಿಲ್ಲ. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬುದರಲ್ಲೇ ಒಂದು ಗಂಟೆ ಹೋಯಿತು. ಮಕ್ಕಳ ಕನ್ನಡ ತರಗತಿಯ ವಿಷಯ ಹೇಳಲೆಂದು ವೈಪಿನ್‌ನಿಂದ ಬಂದಿದ್ದ ಹೊಸ ಸದಸ್ಯೆಯೊಬ್ಬರು ಹೊತ್ತಾಯಿತೆಂದು ಮಾತಾಡದೆಯೇ ಎದ್ದು ಹೋದರು. ಅಧ್ಯಕ್ಷತೆ ನನ್ನದೇ ಆಗಿತ್ತು. ಆ ಕೊರಗಿನಲ್ಲೇ ನಾನು ಈ ನಾಡಿನ ಸಭೆಗಳ ಇತಿಹಾಸ ಓದತೊಡಗಿದೆ.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದ್ದು ನಮಗೆಲ್ಲ ಗೊತ್ತಿರುವುದೇ. ತಿರುವಾಂಕೂರಿನಲ್ಲಿ 1904ರಲ್ಲಿ ಶ್ರೀಮೂಲಂ ಪ್ರಜಾಸಭೆ ಬಂತು. ತಿರುವನಂತಪುರದ ವಿಜೆಟಿ ಹಾಲ್‌ನಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ 1912ರಲ್ಲಿ ಅಯ್ಯಂಕಾಳಿಯವರು ತಮ್ಮ ಪುಲಯ ಜನರಿಗಾಗಿ ಭೂಮಿ ಕೇಳಿದರು. 2019ರಲ್ಲಿ ಆ ಸಭಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು.

ನಮ್ಮ ಕೊಚ್ಚಿಯಲ್ಲಿ ಅದೇ ಪುಲಯರಿಗೆ ನೆಲದ ಮೇಲೆ ಸಭೆ ಸೇರುವ ಅವಕಾಶವೇ ಇರಲಿಲ್ಲ. 1913ರಲ್ಲಿ ಅವರು ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅದರ ಮೇಲೆ ಸಭೆ ನಡೆಸಿದರು. ಕವಿ ಪಂಡಿತ್ ಕರುಪ್ಪನ್ ಅವರ ಬೆಂಬಲಕ್ಕಿದ್ದರು.

ಅದಕ್ಕೆ ಹಿಂದಿನ ವರ್ಷ ಮುಳವುಕಾಡ್ ದ್ವೀಪದಲ್ಲಿ ಹುಟ್ಟಿದ ದಾಕ್ಷಾಯಣಿ ವೇಲಾಯುಧನ್ 1946ರಲ್ಲಿ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. ಅಲ್ಲಿದ್ದ ಏಕೈಕ ದಲಿತ ಮಹಿಳೆ ಅವರು. 1948ರ ನವೆಂಬರ್ 29ರಂದು ಅಸ್ಪೃಶ್ಯತೆ ನಿಷೇಧಿಸುವ ವಿಧಿಯ ಮೇಲೆ ಅವರು ಮಾತಾಡುತ್ತಿದ್ದಾಗ, ಸಮಯ ಮೀರಿದೆ, ಮಹಿಳೆ ಎಂಬ ಕಾರಣಕ್ಕೆ ಬಿಟ್ಟಿದ್ದೇನೆ ಎಂಬ ಅರ್ಥದಲ್ಲಿ ಪೀಠದಿಂದ ಮಾತು ಬಂತು. ಆ ವಿಧಿ ಅಂದೇ ಅಂಗೀಕಾರವಾಯಿತು.

ಇದನ್ನು ಓದಿ ನಾನು ಬಹಳ ಯೋಚಿಸಿದೆ. ಪೀಠದಲ್ಲಿದ್ದವರು ಗಡಿಯಾರ ನೋಡಿದ್ದು ತಪ್ಪಲ್ಲ. ಅದು ಅವರ ಕೆಲಸ. ಆದರೆ ಸಮಯ ದಾಕ್ಷಿಣ್ಯಕ್ಕೆ ಸಿಗುವ ವಸ್ತುವಾಗಬಾರದು. ನಮ್ಮಲ್ಲಿ ಹಿರಿಯರಿಗೆ, ಗಟ್ಟಿ ದನಿಯವರಿಗೆ ದಾಕ್ಷಿಣ್ಯದಿಂದ ಬಿಡುವ ಪ್ರತಿ ಹತ್ತು ನಿಮಿಷವೂ ಮೂಲೆಯಲ್ಲಿ ಕೂತ ಒಬ್ಬರ ಪಾಲಿನದು. ಸಭೆ ಚುಟುಕಾಗಿರಬೇಕು ಎನ್ನುವುದು ಬೇಗ ಮನೆ ಸೇರುವುದಕ್ಕಷ್ಟೇ ಅಲ್ಲ, ಎಲ್ಲರಿಗೂ ಸರದಿ ಬರಲಿ ಎಂಬುದಕ್ಕೆ.

ಕೊಚ್ಚಿ, ತಿರುವನಂತಪುರಗಳಲ್ಲಿ ಸಂಘಗಳು ನೋಂದಣಿಯಾಗುವುದು 1955ರ ತಿರುವಾಂಕೂರು-ಕೊಚ್ಚಿ ಸಂಘಗಳ ಕಾಯ್ದೆಯಡಿ. ಬೈಲಾ ಎಲ್ಲ ಸಂಘಕ್ಕೂ ಇದೆ; ಶಿಸ್ತು ಮಾತ್ರ ನಾವೇ ತರಬೇಕು. ಈಗ ನಾವು ಕಾರ್ಯಸೂಚಿಯನ್ನು ಮೂರು ದಿನ ಮೊದಲೇ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಒಬ್ಬರಿಗೆ ಮೂರು ನಿಮಿಷ. ಎಲ್ಲರೂ ಒಮ್ಮೆ ಮಾತಾಡುವವರೆಗೆ ಯಾರಿಗೂ ಎರಡನೇ ಸರದಿ ಇಲ್ಲ. ಊಟದ ಪಟ್ಟಿ ಉಪಸಮಿತಿಗೆ. ತೀರ್ಮಾನವನ್ನು ಅಲ್ಲೇ ಓದಿ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಒಂದೂವರೆ ಗಂಟೆಯಲ್ಲಿ ಕಾಫಿ.

ವೈಪಿನ್‌ನ ಆ ಸದಸ್ಯೆಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಮುಂದಿನ ಸಭೆಯಲ್ಲಿ ಮೊದಲ ವಿಷಯ ಅವರದೇ ಆಗಿತ್ತು. ಅವರು ಮೂರು ನಿಮಿಷವನ್ನೂ ಪೂರ್ತಿ ಬಳಸಲಿಲ್ಲ.