ಕೈಯಾಸರೆಯೂ ಗಾಡಿಯೂ

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಬಾಬ್ ಕ್ರಾಚಿಟ್ ಎಂಬ ಬಡ ಗುಮಾಸ್ತನು ಕಾಲು ಸ್ವಾಧೀನವಿಲ್ಲದ ತನ್ನ ಕಿರಿಯ ಮಗನನ್ನು ಚರ್ಚಿನಿಂದ ಮನೆಗೆ ಹೆಗಲ ಮೇಲೆ ಹೊತ್ತು ತರುತ್ತಾನೆ. ಅದನ್ನೋದಿ ಕಣ್ಣೊರಸಿಕೊಂಡವರು ಅಸಂಖ್ಯಾತರು. ಹಬ್ಬ ಕಳೆದ ಮರುದಿನ ತಂದೆಯ ಹೆಗಲು ಕಚೇರಿಯ ಪಾಲಾದ ಬಳಿಕ, ಆ ಬಾಲಕನು ಪಾಠಶಾಲೆಗೆ ಹೋಗುವ ಬಗೆಯೆಂತು ಎಂದು ಚಿಂತಿಸಿದವರು ವಿರಳ.

ಇಂಗ್ಲೆಂಡಿನ 1870ರ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯೂ ಅದನ್ನು ಚಿಂತಿಸಿದಂತೆ ತೋರುವುದಿಲ್ಲ. ಮನೆಯಿಂದ ಮೂರು ಮೈಲಿಯೊಳಗೆ ಶಾಲೆಯಿಲ್ಲದಿದ್ದರೆ ಮಗುವಿನ ಗೈರುಹಾಜರಿಯನ್ನು ಮನ್ನಿಸಬಹುದೆಂದು ಅದು ವಿಧಿಸಿತು, ಅಸೌಖ್ಯವನ್ನೂ ಮನ್ನಿಸಿತು. ದಾರಿಯನ್ನು ಅಳೆದ ಶಾಸನಕಾರರು ಕಾಲನ್ನು ಅಳೆಯಲಿಲ್ಲ. ಬೆನ್ನುಮೂಳೆಯ ಕ್ಷಯದಿಂದಲೋ ಮೂಳೆ ಬಾಗುವ ರೋಗದಿಂದಲೋ ಮೂಲೆ ಹಿಡಿದಿದ್ದ ಲಂಡನ್ನಿನ ಬಡಮಕ್ಕಳಿಗೆ ಹೀಗಾಗಿ ಕ್ಷಮೆ ದೊರೆಯಿತು, ವಿದ್ಯೆ ದೊರೆಯಲಿಲ್ಲ.

ಆ ಮೂಲೆಗಳಿಂದ ಮಕ್ಕಳನ್ನು ಹೊರತಂದ ಕೀರ್ತಿಯಲ್ಲಿ ದೊಡ್ಡ ಪಾಲು ಓರ್ವ ಕಾದಂಬರಿಕಾರ್ತಿಗೆ ಸಲ್ಲತಕ್ಕದ್ದು. ಮಿಸೆಸ್ ಹಂಫ್ರಿ ವಾರ್ಡ್ ಎಂದೇ ಗಂಡನ ಹೆಸರಿನಿಂದ ಪ್ರಸಿದ್ಧಳಾಗಿದ್ದ ಮೇರಿ ವಾರ್ಡ್, ಕವಿ ಮ್ಯಾಥ್ಯೂ ಆರ್ನಲ್ಡನ ಸೋದರನ ಮಗಳು. ಪತ್ರಿಕೋದ್ಯಮಿ ಪ್ಯಾಸ್‌ಮೋರ್ ಎಡ್ವರ್ಡ್ಸನ ಧನಸಹಾಯದಿಂದ ಬ್ಲೂಮ್ಸ್‌ಬರಿಯ ಟಾವಿಸ್ಟಾಕ್ ಪ್ಲೇಸಿನಲ್ಲಿ ಎದ್ದ ಸೇವಾಮಂದಿರದಲ್ಲಿ ಈಕೆ 1899ರಲ್ಲಿ, ಲಂಡನ್ನಿನ ಶಾಲಾ ಮಂಡಳಿಯ ಸಹಕಾರದೊಡನೆ, ಅಂಗವಿಕಲ ಮಕ್ಕಳಿಗಾಗಿ ಹಗಲುಶಾಲೆಯೊಂದನ್ನು ತೆರೆದಳು. ಉಪಾಧ್ಯಾಯಿನಿ, ದಾದಿ, ಮಧ್ಯಾಹ್ನದ ಬಿಸಿಯೂಟ ಎಲ್ಲವೂ ಅಲ್ಲಿದ್ದುವು. ಆದರೆ ಇವೆಲ್ಲಕ್ಕೂ ಮೊದಲು ಬೇಕಾದುದು ಮಕ್ಕಳನ್ನು ಮನೆಯಿಂದ ಕರೆತಂದು ಮರಳಿ ಮುಟ್ಟಿಸುವ ಆಂಬ್ಯುಲೆನ್ಸ್ ಗಾಡಿ. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿಸಿಕೊಂಡ ಮಗು ಜಟಕಾಬಂಡಿಯಲ್ಲಿ ಮಡಿಚಿ ಕೂರಲಾರದು. ಅದನ್ನು ಚಾಚಿ ಮಲಗಿಸಿಯೇ ತರಬೇಕು. ಗಾಡಿಯು ಬೀದಿಯ ಬಾಗಿಲಿಗೆ ಬಂದಮಾತ್ರಕ್ಕೆ ಮಗು ಗಾಡಿಗೆ ಬಂದಂತಾಗದು; ಇಕ್ಕಟ್ಟಾದ ಮೆಟ್ಟಿಲುಗಳಿಂದ ಅದನ್ನು ಹೊತ್ತಿಳಿಸುವ ತೋಳುಗಳು ಬೇಕು. ಮೊದಲು ಹತ್ತಿದ ಮಗುವಿನ ಪಯಣವೇ ಎಲ್ಲಕ್ಕೂ ದೀರ್ಘ ಎಂಬುದು ಮನೆಮನೆ ಸುತ್ತುವ ಪ್ರತಿಯೊಂದು ಗಾಡಿಗೂ ಅಂಟಿದ ದೋಷ. ಪ್ರಾಥಮಿಕ ಶಾಲೆಯ ಮಗುವಿನ ಪಯಣ ಸಾಮಾನ್ಯವಾಗಿ 45 ನಿಮಿಷವನ್ನು ಮೀರಬಾರದೆಂದು ಇಂದಿನ ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಹೇಳುವುದು ಈ ದೋಷವನ್ನು ಬಲ್ಲುದರಿಂದಲೇ.

ಅದೇ 1899ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯೊಂದು, ದೈಹಿಕ ಅಥವಾ ಮಾನಸಿಕ ನ್ಯೂನತೆಯ ದೆಸೆಯಿಂದ ತಾವಾಗಿ ಶಾಲೆಗೆ ಬರಲಾರದ ಮಕ್ಕಳಿಗೆ ಕೈಹಿಡಿದು ನಡೆಸುವವರನ್ನಾಗಲಿ ವಾಹನವನ್ನಾಗಲಿ ಒದಗಿಸುವ ಅಧಿಕಾರವನ್ನು ಶಾಲಾ ಮಂಡಳಿಗಳಿಗೆ ಕೊಟ್ಟಿತು. ಕಾಯಿದೆಯ ಹೆಸರಿನಲ್ಲಿದ್ದ ‘ದೋಷಯುಕ್ತ ಮಕ್ಕಳು’ ಎಂಬ ಮಾತು ಇಂದಿನ ಕಿವಿಗೆ ಕರ್ಕಶ. ಆದರೂ ಕೈಹಿಡಿಯುವವರನ್ನೂ ವಾಹನವನ್ನೂ ಒಟ್ಟಿಗೆ ಹೆಸರಿಸಿದ್ದರಲ್ಲಿ ಒಂದು ವಿವೇಕವಿದ್ದಿತೆಂದು ನನ್ನ ಎಣಿಕೆ. ಕಾಲು ಗಟ್ಟಿಯಿದ್ದೂ ದಾರಿ ತಿಳಿಯದ ಮಗುವಿಗೆ ಗಾಡಿಗಿಂತ ಒಂದು ಕೈ ಮೇಲು. ಸೆಳವು ಬರುವ ಮಗುವಿಗೆ ಗಾಡಿಯೊಳಗೂ ಆ ಕೈ ಬೇಕು. ನಮ್ಮ ಶಾಲಾವಾಹನದ ಆಯಾ, ಇಂಗ್ಲೆಂಡಿನವರ ಎಸ್ಕಾರ್ಟ್, ಇಬ್ಬರ ಕೆಲಸವೂ ಇದೇ.

ಮುಂದಿನ ಕಥೆ ಮಂದಗತಿಯದು. 1899ರದು ಬರಿಯ ಅನುಮತಿ. ಬುದ್ಧಿಮಾಂದ್ಯವುಳ್ಳ ಮಕ್ಕಳ ಶಿಕ್ಷಣವು ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕರ್ತವ್ಯವಾದುದು 1914ರಲ್ಲಿ. ಶಿಕ್ಷಣಕ್ಕೇ ಅನರ್ಹರೆಂದು ತಳ್ಳಿದ್ದ ತೀವ್ರ ನ್ಯೂನತೆಯ ಮಕ್ಕಳು 1970ರ ಕಾಯಿದೆಯಂತೆ ಮರುವರ್ಷದ ಏಪ್ರಿಲಿನಲ್ಲಿ ವಿದ್ಯಾ ಇಲಾಖೆಯ ಆಶ್ರಯಕ್ಕೆ ಬಂದರು. ಈ ನಡುವೆ 1944ರ ಕಾಯಿದೆಯು, ಎಂಟು ತುಂಬದವರಿಗೆ ಎರಡು ಮೈಲಿ, ಮಿಕ್ಕವರಿಗೆ ಮೂರು ಎಂದು ನಡಿಗೆಯ ದೂರವನ್ನು ಗೊತ್ತುಪಡಿಸಿತ್ತು. ಎಸೆಕ್ಸ್ ಪ್ರಾಂತದ ದೀಪವಿಲ್ಲದ ಒಂಟಿ ಹಾದಿಯೊಂದರ ವ್ಯಾಜ್ಯದಲ್ಲಿ ಲಾರ್ಡ್ಸ್ ಸಭೆಯ ನ್ಯಾಯಪೀಠವು 1986ರಲ್ಲಿ, ಹಿರಿಯರ ಜೊತೆಯಲ್ಲಿ ಮಗು ಒಂದು ಮಟ್ಟಿಗೆ ಕ್ಷೇಮವಾಗಿ ನಡೆಯಬಲ್ಲ ದಾರಿಯಾದರೆ ಆ ದೂರದ ಲೆಕ್ಕಕ್ಕೆ ಸಾಕೆಂದು ತೀರ್ಪಿತ್ತಿತು. ವಿಶೇಷ ಮಕ್ಕಳಿಗಾಗಿ ಮಂಡಳಿ ಒದಗಿಸಬಹುದೆಂದಿದ್ದ ಕೈ, ಉಳಿದ ಮಕ್ಕಳ ವಿಷಯದಲ್ಲಿ ತಾಯ್ತಂದೆಯರ ಹೊರೆಯೆಂದು ಇಲ್ಲಿ ಸ್ಥಿರಪಟ್ಟಿತು. ವಿಶೇಷ ಅಗತ್ಯದಿಂದ ನಡೆದುಬರಲಾಗದ ಮಗುವಿಗೆ ಈ ಮೈಲಿಗಳ ಲೆಕ್ಕವನ್ನು ಬಿಟ್ಟು ಉಚಿತ ಸಾರಿಗೆ ಸಲ್ಲಬೇಕೆಂಬುದನ್ನು 2006ರ ಕಾಯಿದೆಯು ಸ್ಪಷ್ಟಪಡಿಸಿತು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣದಲ್ಲಿಯೂ ಆ ಹಳೆಯ ಜೋಡಿ ಕಾಣುತ್ತದೆ: ಮಗುವಿಗೆ ಸಾರಿಗೆ, ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆಗಾರರಿಗೂ ಸಾರಿಗೆ. ಓದುಗರು ಒಂದು ಬೆಳಗ್ಗೆ ತಮ್ಮೂರಿನ ಶಾಲೆಯ ಬಾಗಿಲಲ್ಲಿ ನಿಂತು, ಅಂಥ ಮಗುವನ್ನು ಇಂದಿಗೂ ಹೊತ್ತು ತರುತ್ತಿರುವ ಹೆಗಲು ಯಾರದೆಂದು ತಾವೇ ನೋಡಿ ಬರಬೇಕು.