ಪ್ರತಿಭೆ ಯಾರಪ್ಪನ ಆಸ್ತಿ?

'ಅದೆಲ್ಲ ಹುಟ್ಟಿನಿಂದ ಬರಬೇಕು ಕಣಯ್ಯ.' ಈ ಮಾತು ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಲೆಕ್ಕ ತಪ್ಪಿದರೂ ಹುಟ್ಟು, ಉಚ್ಚಾರ ತಪ್ಪಿದರೂ ಹುಟ್ಟು. ಒಂದು ಪದ್ಯ ಚೆನ್ನಾಗಿ ಬರೆದುಬಿಟ್ಟರೆ ಮಾತ್ರ 'ಎಲ್ಲಿಂದ ಕದ್ದೆ?' ಅಂತ ಕೇಳ್ತಾರೆ. ಈ ಮಾತಿಗೊಂದು ಚರಿತ್ರೆ ಇದೆ. ಅದನ್ನು ತಿಳಿಯದೆ ಬರೀ ಸಿಟ್ಟು ಮಾಡಿಕೊಂಡರೆ ಸಿಟ್ಟು ನಮ್ಮನ್ನೇ ಸುಡುತ್ತದೆ.

ಸಂಸ್ಕೃತದ ಪಂಡಿತರಿಂದಲೇ ಶುರುಮಾಡೋಣ. 'ಕಾವ್ಯಮೀಮಾಂಸೆ' ಬರೆದ ರಾಜಶೇಖರ ಕವಿಯ ಪ್ರತಿಭೆಯನ್ನು ಮೂರು ಪಾಲು ಮಾಡಿದ: ಸಹಜ, ಆಹಾರ್ಯ, ಔಪದೇಶಿಕ. ಮೊದಲನೆಯದು ಹಿಂದಿನ ಜನ್ಮದ ಸಂಸ್ಕಾರ, ಎರಡನೆಯದು ಈ ಜನ್ಮದ ಗಳಿಕೆ, ಮೂರನೆಯದು ಮಂತ್ರತಂತ್ರಗಳ ಉಪದೇಶದಿಂದ ಬಂದದ್ದು. ಹೆಂಗಸರೂ ಕವಿಗಳಾಗಬಲ್ಲರು, ಸಂಸ್ಕಾರ ಆತ್ಮಕ್ಕೆ ಸೇರಿದ್ದು ಎಂದವನೂ ಇವನೇ. ಅಷ್ಟರಮಟ್ಟಿಗೆ ದೊಡ್ಡವನು. ಆದರೆ ಹಿಂದಿನ ಜನ್ಮದ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು? ಅಕ್ಷರವನ್ನೇ ಮುಟ್ಟಗೊಡದೆ, ಆಮೇಲೆ 'ನಿನಗೆ ಸಂಸ್ಕಾರವಿಲ್ಲ' ಅಂದರೆ ಅದನ್ನು ಪರೀಕ್ಷೆ ಅಂತ ಕರೆಯಬಹುದೆ?

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. 1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪ್ರತಿಭೆ ವಂಶದಿಂದ ಬರುತ್ತದೆ ಎಂದು ಸಾಧಿಸುವ ದಪ್ಪ ಪುಸ್ತಕ ಬರೆದ. ಜಡ್ಜುಗಳು, ಮಂತ್ರಿಗಳು, ಸೇನಾಪತಿಗಳು, ವಿಜ್ಞಾನಿಗಳು, ಕವಿಗಳ ಮನೆತನಗಳನ್ನು ಎಣಿಸಿದ. ದೊಡ್ಡವರ ಮನೆಯಲ್ಲೇ ದೊಡ್ಡವರು ಹೆಚ್ಚು, ಆದ್ದರಿಂದ ದೊಡ್ಡತನ ರಕ್ತದಲ್ಲಿದೆ ಅಂದ. ಆ ಮನೆಗಳಲ್ಲಿ ರಕ್ತದ ಜೊತೆಗೆ ಪುಸ್ತಕದ ಕಪಾಟು, ಆಸ್ತಿ, ಮಾವನ ಶಿಫಾರಸು ಎಲ್ಲ ಇದ್ದವಲ್ಲ? ನಿಜವಾದ ಶಕ್ತಿಯುಳ್ಳವನು ಯಾವ ಅಡ್ಡಿಯನ್ನೂ ದಾಟಿ ಮೇಲೆ ಬಂದೇ ಬರುತ್ತಾನೆ ಎಂಬುದು ಅವನ ಉತ್ತರ. ಈ ಗಾಲ್ಟನ್ ಯಾರು? ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ. 1844ರಲ್ಲಿ ಅಪ್ಪ ತೀರಿಕೊಂಡಾಗ ಬಂದ ಆಸ್ತಿಯಿಂದ, ಜೀವಮಾನವಿಡೀ ಸಂಬಳಕ್ಕೆ ದುಡಿಯುವ ಅಗತ್ಯವೇ ಬೀಳದವನು.

ಆ ಪುಸ್ತಕ ಬರುವ ಎರಡೇ ವರ್ಷ ಮೊದಲು, 1867ರಲ್ಲಿ, ಅದೇ ದೇಶದಲ್ಲಿ ಮೈಕೇಲ್ ಫ್ಯಾರಡೆ ತೀರಿಕೊಂಡಿದ್ದ. ಅವನ ಅಪ್ಪ ಕಮ್ಮಾರ, ಕಾಯಿಲೆಯವನು. 1791ರಲ್ಲಿ ಹುಟ್ಟಿದ ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಕಾಳಿನ ಬೆಲೆ ಏರಿ, ವಾರಕ್ಕೆಲ್ಲ ಅವನ ಪಾಲಿಗೆ ಒಂದೇ ಬ್ರೆಡ್ಡು. ಶಾಲೆಯಲ್ಲಿ ಓದು, ಬರಹ, ಕೂಡು-ಕಳೆ, ಅಷ್ಟೇ. 'ರ'ಕಾರ ನಾಲಗೆಗೆ ಹೊರಳುತ್ತಿರಲಿಲ್ಲವೆಂದು ಮೇಡಂ ಬೆತ್ತ ತರಿಸಲು ಅವನ ಅಣ್ಣನ ಕೈಗೇ ಕಾಸು ಕೊಟ್ಟಳಂತೆ. ಅಣ್ಣ ಕಾಸು ಎಸೆದು ಹೋಗಿ ಅವ್ವನಿಗೆ ಹೇಳಿದ, ಅವ್ವ ಇಬ್ಬರನ್ನೂ ಶಾಲೆ ಬಿಡಿಸಿದಳು ಅಂತ ಕಥೆ ಹೇಳ್ತಾರೆ.

1804ರಲ್ಲಿ ಪುಸ್ತಕದಂಗಡಿಯೊಂದರಲ್ಲಿ ಓಡಾಡುವ ಹುಡುಗನಾದ. ಮರುವರ್ಷ ಅಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷದ ಕರಾರು. ಕೆಲಸ ಕಲಿಸಲು ಯಜಮಾನ ರೀಬೊ ಕಾಣಿಕೆಯ ಹಣ ಕೇಳಲಿಲ್ಲ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಲು ಬಿಟ್ಟ. ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬ ಹೆಂಗಸು ಸಾಮಾನ್ಯರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೇ ಅವನ ಕಾಲೇಜು. ಊರಲ್ಲಿ ಟೇಟಮ್ ಎಂಬುವನು ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಒಂದಕ್ಕೆ ಒಂದು ಶಿಲ್ಲಿಂಗ್. ಆ ಶಿಲ್ಲಿಂಗ್ ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅದೇ ಅಣ್ಣ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೇಟು ಕೊಡಿಸಿದ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದು, ಚಿತ್ರ ಹಾಕಿ, ತನ್ನ ಕೈಯಾರೆ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ವಾರಕ್ಕೆ 25 ಶಿಲ್ಲಿಂಗ್.

ಕೆಲಸ ಸಿಕ್ಕಿದ ಮೇಲೂ ಹುಟ್ಟು ಬೆನ್ನು ಬಿಡಲಿಲ್ಲ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪಿಗೆ ಹೊರಟಾಗ ಡೇವಿಯ ಆಳು ಬರಲೊಪ್ಪಲಿಲ್ಲ. ಆಳಿನ ಕೆಲಸ ಫ್ಯಾರಡೆಯ ತಲೆಗೆ ಬಿತ್ತು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ನಡೆಸಿಕೊಂಡಳು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ ವಿರೋಧಿಸಿದವನು ಅದರ ಅಧ್ಯಕ್ಷನಾಗಿದ್ದ ಡೇವಿಯೇ. ಈ ಡೇವಿ ಕೂಡ ಮರಗೆತ್ತನೆಯವನ ಮಗ! ಮೇಲೆ ಹತ್ತಿದವನು ಏಣಿ ಒದೆಯುವುದು ನಮಗೂ ಹೊಸದಲ್ಲ ಬಿಡಿ.

1831ರ ಆಗಸ್ಟ್ 29ರಂದು ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ, ಒಂದರಲ್ಲಿ ವಿದ್ಯುತ್ ಹರಿಸಿದಾಗ ಇನ್ನೊಂದರಲ್ಲಿ ಕ್ಷಣಕಾಲ ಮಿಡಿತ ಕಂಡ. ಇಂದು ನಮ್ಮೂರಿನ ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಜನರೇಟರು, ಟ್ರಾನ್ಸ್‌ಫಾರ್ಮರು ಎರಡರ ಬೇರೂ ಅಲ್ಲಿದೆ. ಮೇಲಿನ ಗಣಿತವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಗಣಿತ ಬಲ್ಲವರು ದೂರದಿಂದಲೇ ಸೆಳೆಯುವ ಬಲ ಅಂದಾಗ, ಇವನು ಕಬ್ಬಿಣದ ಪುಡಿ ಉದುರಿಸಿ, ಅದು ಮೂಡಿಸಿದ ಗೆರೆಗಳನ್ನು ನೋಡಿ, ನಡುವಿನ ಖಾಲಿ ಜಾಗದಲ್ಲೇ ಏನೋ ಇದೆ ಅಂದ. ಮ್ಯಾಕ್ಸ್‌ವೆಲ್ ಆಮೇಲೆ ಅದನ್ನು ಗಣಿತಕ್ಕೆ ಇಳಿಸಿದ. ಸೃಷ್ಟಿಶೀಲ ಮನಸ್ಸು ಅಂದರೆ ಹೀಗೇ: ಕೈಗೆ ಸಿಕ್ಕಿದ್ದನ್ನು ಹಿಡಿದು, ಕಲಿತವರಿಗೆ ಕಾಣದ ಕಡೆಯಿಂದ ನೋಡುವುದು. ಜೊತೆಗೆ ದುಡಿಮೆ. ಅವನ ಪ್ರಯೋಗದ ದಿನಚರಿಯಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿವೆ.

ನೋಡಿ, ಬಂದೇ ಬಂದನಲ್ಲ, ಗಾಲ್ಟನ್ ಹೇಳಿದ್ದು ಸರಿ ಅಂತ ಯಾರಾದರೂ ಅನ್ನಬಹುದು. ಅಣ್ಣನ ಶಿಲ್ಲಿಂಗು, ಯಜಮಾನನ ಪುಸ್ತಕ, ಗಿರಾಕಿಯ ಟಿಕೇಟು, ಈ ಮೂರನ್ನು ತೆಗೆದುಹಾಕಿ. ಉಳಿಯುವುದು ಲಂಡನ್ನಿನ ಒಬ್ಬ ರಟ್ಟು ಕಟ್ಟುವವನು. ಅವನೊಳಗೆ ಏನೂ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಬೀಜ ಇತ್ತು. ಆದರೆ ಬಂಡೆಯ ಮೇಲೆ ಒಣಗಿದ ಬೀಜಗಳನ್ನು ಗಾಲ್ಟನ್ ಎಣಿಸಲೇ ಇಲ್ಲ. ಬಡತನವೇ ಪ್ರತಿಭೆಯನ್ನು ಹೆರುತ್ತದೆ ಎಂದು ಕಣ್ಣೀರು ಹಾಕುವವರ ಬಗ್ಗೆಯೂ ಎಚ್ಚರ ಇರಲಿ. ಬಡತನ ಹೆರುವುದಿಲ್ಲ, ಕೊಲ್ಲುತ್ತದೆ. ತಪ್ಪಿಸಿಕೊಂಡವರು ಮಾತ್ರ ನಮಗೆ ಕಾಣುತ್ತಾರೆ.

ಗಾಲ್ಟನ್ನನ ಮಾತು ಪುಸ್ತಕದಲ್ಲೇ ಉಳಿಯಲಿಲ್ಲ. 1883ರಲ್ಲಿ ಅವನೇ ಅದಕ್ಕೆ 'ಯೂಜೆನಿಕ್ಸ್' ಎಂದು ಹೆಸರಿಟ್ಟ. 1907ರಲ್ಲಿ ಅಮೆರಿಕದ ಇಂಡಿಯಾನಾ, 1933ರಲ್ಲಿ ಹಿಟ್ಲರನ ಜರ್ಮನಿ, 'ಕೀಳು' ಎನಿಸಿದವರ ಸಂತಾನ ಕತ್ತರಿಸುವ ಕಾನೂನು ಮಾಡಿದವು. 1921ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಟರ್ಮನ್ ಬುದ್ಧಿ ಅಳೆಯುವ ಪರೀಕ್ಷೆಯಿಂದ ಸುಮಾರು 1,500 ಮಕ್ಕಳನ್ನು ಆರಿಸಿ ಜೀವಮಾನವಿಡೀ ಹಿಂಬಾಲಿಸಲು ಹೊರಟ. ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆಂದು ಬಿಟ್ಟುಹೋದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವರೆಜ್‌ಗೆ 1968ರಲ್ಲಿ. ಇನ್ನೂ ದೊಡ್ಡ ತಮಾಷೆ ಎಂದರೆ, ಆ ಅಳತೆಗೋಲಿನಲ್ಲಿ ಫೇಲಾದ ಶಾಕ್ಲಿಯೇ ಮುಂದೆ ಅದೇ ಕೋಲು ಹಿಡಿದು ಕಪ್ಪು ಜನರಿಗೆ ಹುಟ್ಟಿನಿಂದಲೇ ಬುದ್ಧಿ ಕಡಿಮೆ ಎಂದು ಊರೂರು ಸಾರಿದ.

ನಮ್ಮಲ್ಲಿ ಜಾತಿಗೂ ಇದೇ ವಿಜ್ಞಾನದ ಅಂಗಿ ತೊಡಿಸಿದರು. ಜಾತಿ ಇರುವುದು ರಕ್ತ ಶುದ್ಧವಾಗಿಡಲು, ಒಳ್ಳೆಯ ತಳಿ ಉಳಿಸಲು ಎಂಬ ವಾದವನ್ನು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಒಂದೊಂದೇ ಎಳೆ ಬಿಡಿಸಿ ಹರಿದರು. ಲಾಹೋರಿನವರು ಸಭೆಯನ್ನೇ ರದ್ದು ಮಾಡಿದ್ದರಿಂದ ತಮ್ಮ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅವರ ಬದುಕಿನಲ್ಲೂ ಅದೇ ಶಿಲ್ಲಿಂಗು, ಅದೇ ಟಿಕೇಟು ನೋಡಿ: ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿದ್ದುಕೊಂಡು ಮಗನಿಗೆ ಪುಸ್ತಕ ತಂದುಕೊಟ್ಟ ಅಪ್ಪ, ಬುದ್ಧನ ಚರಿತ್ರೆ ಕೈಗಿಟ್ಟ ಕೇಳುಸ್ಕರ್ ಮೇಷ್ಟ್ರು, 1913ರಲ್ಲಿ ಅಮೆರಿಕಕ್ಕೆ ಕಳಿಸಿದ ಬರೋಡದ ವಿದ್ಯಾರ್ಥಿವೇತನ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಮುಂದಿನ ಸಲ ಯಾರಾದರೂ ಹಾಸ್ಟೆಲ್ಲಿಗೆ, ಸ್ಕಾಲರ್‌ಶಿಪ್ಪಿಗೆ, ಮೀಸಲಾತಿಗೆ ಎದುರಾಗಿ 'ಪ್ರತಿಭೆ' ಅನ್ನುವ ಪದ ಎತ್ತಿದರೆ ತಲೆ ತಗ್ಗಿಸಬೇಡಿ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿಯ ನಾಲಗೆಗೆ 'ಹ'ಕಾರ ಹೊರಳದೇ ಇರಬಹುದು. ಅವಳಿಗಾಗಿ ತರಿಸಬೇಕಾದ್ದು ಬೆತ್ತವಲ್ಲ, ಪುಸ್ತಕ.